ಬಚ್ಚಲ ತೆಂಗು ಮತ್ತು ನನ್ನ ಸಿಮೆಂಟು

ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮನೆಯ ಪಾಯದ ಕಲ್ಲೊಂದು ನನ್ನ ಹಾರೆಗೆ ಸಲೀಸಾಗಿ ಕಿತ್ತು ಬಂತು. ಅಷ್ಟು ಸಲೀಸಾಗಿ ಬರಬಾರದಾಗಿತ್ತು. ಬಿ.ಎಸ್ಸಿ. ಓದಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ ಅದು ನನ್ನ ತೋಳಿನ ಶಕ್ತಿಯೆಂದೇ ತೋರಿತು.

ಗೋಡೆಯ ಒಳಬದಿಗೆ ಅವ್ವನ ಮಂಚ. ಮಂಚದ ಮೇಲೆ ಅಟ್ಟ. ಅಟ್ಟದ ತುಂಬ ಕೊಬ್ಬರಿಯಾಗಲು ಒಣಗುತ್ತಿದ್ದ ಆ ವರ್ಷದ ಕಾಯಿ. ಮೊಣಕಾಲು ನೋವಿನ ಅವ್ವ ತಿಂಡಿಯಾದ ಮೇಲೆ ಸ್ವಲ್ಪ ಹೊತ್ತು ಅಲ್ಲಿ ಒರಗುವುದು ರೂಢಿ.

ಗೋಡೆಗೆ ತೇವ ಹಿಡಿದು ಎರಡು ಮಳೆಗಾಲವಾಗಿತ್ತು. ಕಾರಣ ಎಲ್ಲರಿಗೂ ಗೊತ್ತು. ಮೂರಡಿ ದೂರದಲ್ಲಿ ಒಂದು ತೆಂಗಿನ ಮರ, ಅದರ ಬುಡಕ್ಕೆ ಬಚ್ಚಲ ನೀರು.

“ನೀರು ಆ ಕಡೀಕೆ ತಿರುಗ್ಸಿ ಮೇಷ್ಟ್ರೇ. ಮಣ್ಣಿನ ಗೋಡೆ, ತಾನೇ ಒಣಗ್ತದೆ,” ಎಂದಿದ್ದ ಗಾರೆ ಕೆಲಸದ ಸಿದ್ದಪ್ಪ.

ಅವ್ವ ಒಪ್ಪಲಿಲ್ಲ. “ನಾನು ಈ ಮನೆಗೆ ಬಂದ ವರ್ಷ ಇಟ್ಟ ಮರ ಕಣ್ಲಾ. ಅದರ ಬಾಯಿಗೆ ಹೋಗೋ ನೀರು ಕಿತ್ಕೊಂತೀಯಾ?”

ನಮ್ಮ ಸೀಮೆಯಲ್ಲಿ ಬಚ್ಚಲ ತೆಂಗಿನ ನೀರು ನಿಲ್ಲಿಸಿದ ಗಂಡಸು ಇನ್ನೂ ಹುಟ್ಟಿಲ್ಲ. ನಾನು ವಿಜ್ಞಾನದ ಮೊರೆಹೊಕ್ಕೆ. ಅಮ್ಮಸಂದ್ರದ ಸಿಮೆಂಟು ಫ್ಯಾಕ್ಟರಿ ಪಕ್ಕದಲ್ಲೇ ಇದ್ದರೂ ಮೂಟೆಗೆ ಸರ್ಕಾರದ ಪರ್ಮಿಟ್ಟು ಬೇಕಾಗಿದ್ದ ಕಾಲ. ತಾಲ್ಲೂಕು ಕಚೇರಿಗೆ ಹದಿನೈದು ದಿನ ಅಲೆದು ಆರು ಮೂಟೆ ತಂದೆ. ಗೋಡೆಯ ಹೊರಮೈಗೆ ಸೊಂಟದೆತ್ತರ ಬಳಿದೆ. ಹಸಿಯಿರುವಾಗಲೇ ಮೊಳೆಯಿಂದ ನನ್ನ ಹೆಸರು, ಪದವಿ, ಇಸವಿ ಕೆತ್ತಿದೆ.

ತಿಂಗಳೊಳಗೆ ಒಳಗೋಡೆಯ ತೇವ ಎದೆಮಟ್ಟಕ್ಕೆ ಏರಿತು.

“ಕೆಳಗಿದ್ದ ನೀರನ್ನ ಮೇಲಕ್ಕೆ ಹತ್ತಿಸಿದ್ರಲ್ರೀ,” ಎಂದಳು ಹೆಂಡತಿ ಗಿರಿಜ.

ಹೊರಗೆ ಆರಲು ದಾರಿಯಿಲ್ಲದ ನೀರು, ಬತ್ತಿಯಲ್ಲಿ ಎಣ್ಣೆ ಏರುವಂತೆ ಗೋಡೆಯಲ್ಲಿ ಏರುತ್ತದೆಂದು ಒಂಬತ್ತನೇ ತರಗತಿಗೆ ಹೇಳುವಂತೆ ವಿವರಿಸಿದೆ.

“ಇಷ್ಟು ಗೊತ್ತಿದ್ದೂ ಬಳಿದ್ರಾ?”

ನೆಲದ ಕೆಳಗಿನ ಪಾಯಕ್ಕೂ ಸಿಮೆಂಟು ಬಳಿಯುವುದೆಂದು ತೀರ್ಮಾನಿಸಿದೆ.

ಸಿದ್ದಪ್ಪ ಬಂದು ನೋಡಿದ. “ಅಟ್ಟದ ಕಾಯಿ ಮೊದಲು ಇಳಿಸ್ರಿ. ಆಮೇಲೆ ಮೂರಡಿ ಅಗೆದು, ಕಟ್ಟಿ ಮುಚ್ಚಿ, ಮುಂದಿನ ಮೂರಡಿ. ಒಟ್ಟಿಗೆ ಅಗೆಯೋದಾದ್ರೆ ನಾನು ಬರಾಕಿಲ್ಲ.”

ಎರಡು ತಿಂಗಳಲ್ಲಿ ಕೊಬ್ಬರಿಯಾಗುವ ಕಾಯಿಯನ್ನು ಇಳಿಸುವುದುಂಟೇ? ಅವನನ್ನು ಕಳಿಸಿ, ಗುಂಡಿಗೆ ನೀರು ನುಗ್ಗದಿರಲೆಂದು ಬಚ್ಚಲ ತೂಬಿಗೆ ಬಟ್ಟೆ ತುರುಕಿ, ಹದಿನೈದಡಿಯನ್ನೂ ಒಬ್ಬನೇ ಅಗೆದೆ.

ಆ ಭಾನುವಾರ ಪಾಯದ ಕಲ್ಲು ಕಿತ್ತು ಬಂದ ಮೇಲೆ ಅಟ್ಟದಲ್ಲಿ ಗುಡುಗುಡು ಸದ್ದಾಯಿತು. ಇಲಿ ಎಂದುಕೊಂಡೆ. ಅಷ್ಟರಲ್ಲಿ ಸಿಮೆಂಟಿನ ಮೇಲೆ ಒಂದು ಗೆರೆ ಮೂಡಿ ನನ್ನ ಪದವಿಯನ್ನು ಸೀಳಿಕೊಂಡು ಮೇಲೆ ಹೋಯಿತು. ‘ಅವ್ವಾ’ ಎಂದು ಕೂಗಲು ಬಾಯಿ ತೆರೆದೆ. ಗೋಡೆ ಒಳಕ್ಕೆ ಕುಸಿಯಿತು. ಧೂಳಿನೊಳಗೆ ಕಾಯಿ ಸುರಿಯುತ್ತಲೇ ಇದ್ದವು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನು ಹಾರೆ ಹಿಡಿದು ಗುಂಡಿಯಲ್ಲಿ ನಿಂತೇ ಇದ್ದೆ.

“ಏನ್ಲಾ ಅದು ಸದ್ದು?”

ಬೆನ್ನ ಹಿಂದೆ ಅವ್ವ, ಕೈಯಲ್ಲಿ ಅರ್ಧ ಬಕೆಟ್ ನೀರು. “ತೂಬು ಕಟ್ಟಿದ್ದೀಯಲ್ಲ, ಮರ ಒಣಗೀತು ಅಂತ ಹಿತ್ತಲ ಬಾಗಿಲಿಂದ ಬಂದೆ.”

ಅವಳ ಕಾಲು ಹಿಡಿದು ಕೂತುಬಿಟ್ಟೆ. ಅವಳು ಉಳಿದ ನೀರನ್ನು ಮರಕ್ಕೆ ಹಾಕಿ ಮುಗಿಸಿದಳು. ಒಳಗೆ, ಕಾಯಿರಾಶಿಯ ಕೆಳಗೆ, ಮಂಚದ ನಾಲ್ಕು ಕಾಲೂ ಮುರಿದಿದ್ದವು.

ಸಿದ್ದಪ್ಪ ಬಂದು ಗೋಡೆ ಕಟ್ಟಿದ. ಅವ್ವನನ್ನು ಒಪ್ಪಿಸಿ ಬಚ್ಚಲ ನೀರನ್ನು ದೂರ ತಿರುಗಿಸಿದೆವು. ಮರಕ್ಕೆ ದಿನವೂ ಮಿತವಾಗಿ ಎರಡು ಬಕೆಟ್ ಹೊರುವ ಕೆಲಸ ಪದವೀಧರನಿಗೆ ಬಂತು. ಮೂರು ತಿಂಗಳು ಎಲ್ಲರೂ ನಡುಮನೆಯಲ್ಲೇ ಮಲಗಿದೆವು. ಇಲಿ ಓಡಾಡಿದರೂ ನಾನು ಎದ್ದು ಕೂರುತ್ತಿದ್ದೆ.

ಹೊಸ ಗೋಡೆ ಒಣಗಿದ ದಿನ ಅವ್ವ ಹೊಸ ಮಂಚವನ್ನು ಹಳೇ ಜಾಗಕ್ಕೇ ಹಾಕಿಸಿದಳು. ನನ್ನ ಹಾರೆಯನ್ನು ತರಿಸಿ ಮಂಚದ ಕೆಳಗೆ ಇಟ್ಟುಕೊಂಡು ಮಲಗಿದಳು.

ಆ ರಾತ್ರಿ ಮನೆಯವರೆಲ್ಲ ಬೆಳಗಿನವರೆಗೂ ನಿದ್ದೆ ಮಾಡಿದರು. ನಾನೂ.