ಗಂಜಿ ಕುಡಿದ ಕಾರು

ಕಲ್ಮೇಶನ ಕಾರು ನೀರು ಕುಡಿಯುತ್ತಿತ್ತು. ಕುಡಿದ ನೀರು ಎಲ್ಲಿಗೆ ಹೋಗುತ್ತಿದೆ ಎಂಬುದು ಮಾತ್ರ ರಬಕವಿಯ ಆ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೆಳಗೆ ಬಗ್ಗಿ ನೋಡಿದರೆ ನೆಲ ಕಟಕ ರೊಟ್ಟಿಯ ಹಾಗೆ ಒಣಗಿತ್ತು. ಮುಚ್ಚಳ ತೆಗೆದು ನೋಡಿದರೆ ರೇಡಿಯೇಟರೂ ಒಣಗಿತ್ತು.

ಬೇರೆ ದಿನವಾಗಿದ್ದರೆ ಕಲ್ಮೇಶ ಇನ್ನೊಂದು ಕೊಡ ಸುರಿದು, ಕಾರಿನ ಮೈ ಸವರಿ ಒಳಗೆ ಹೋಗಿಬಿಡುತ್ತಿದ್ದ. ಇವತ್ತು ಹಾಗಿರಲಿಲ್ಲ. ಇವತ್ತು ಈ ಕಾರು ಬೀಳಗಿಗೆ ಹೋಗಲೇಬೇಕಿತ್ತು. ಹೋಗದಿದ್ದರೆ ಹೆಂಡತಿ ಮನೆಗೆ ಬರುವುದಿಲ್ಲ.

ಹೆಂಡತಿ ರಾಜಶ್ರೀ ತವರಿಗೆ ಹೋಗಿ ಹತ್ತಿರ ಹತ್ತಿರ ಒಂದು ತಿಂಗಳಾಗಿತ್ತು. ಹೋದದ್ದು ಈ ಕಾರಿನ ದೆಸೆಯಿಂದಲೇ. "ನಿನ್ನ ತವರಿಗೆ ಕರ್ಕೊಂಡ ಹೋಗಾಕಂತ ತಗೊಂಡೀನಿ" ಎಂದು ಕಲ್ಮೇಶ ಹೇಳಿದ್ದ. ಮೂರು ಸಲ ಹೊರಟರು. ಮೂರು ಸಲವೂ ಜಮಖಂಡಿ ಮುಟ್ಟುವ ಮೊದಲೇ ಕಾರು ನಿಂತು, ರಾಜಶ್ರೀ ಜರಿ ಸೀರೆಯಲ್ಲಿ ಹಿಂದಿನಿಂದ ದಬ್ಬಿದ್ದಳು. ಮೂರನೆಯ ಸಲ ದಬ್ಬಿದವಳು ಕೈ ಝಾಡಿಸಿಕೊಂಡು, ಹಿಂದಿನಿಂದ ಬಂದ ಬೀಳಗಿಯ ಬಸ್ಸಿಗೆ ಕೈಮಾಡಿ ಹತ್ತಿಯೇಬಿಟ್ಟಳು. ಮೆಟ್ಟಿಲ ಮೇಲೆ ನಿಂತು ಹೇಳಿದ ಮಾತು ಇಡೀ ಬಸ್ಸಿಗೆ ಕೇಳಿತ್ತು: "ಈ ಗಾಡಿ ನಮ್ಮಪ್ಪನ ಮನಿ ಬಾಗಲಿಗೆ ಬಂದು ನಿಂತ ದಿನಾ ನಾನೂ ತಿರುಗಿ ಬರ್ತೀನಿ. ಮಾತಂದ್ರ ಮಾತು!"

ನಿನ್ನೆ ಮಾವ ಭೀಮಪ್ಪನ ಫೋನು ಬಂದಿತ್ತು. "ಅಳ್ಯಾರ, ನಾಳಿ ಹೊತ್ತ ಮುಳಗೂದ್ರೊಳಗ ಬರ್ರಿ. ಇಲ್ಲಂದ್ರ ನಾ ಹಿರ್ಯಾರ್ನ ಕೂಡಸ್ತೀನಿ." ಹಿರಿಯರು ಕೂಡುವುದೆಂದರೆ ಎರಡೂ ಊರಿನವರು ಚಹಾ ಕುಡಿಯುತ್ತ ಒಂದು ಸಂಸಾರವನ್ನು ಚಾಪೆಯ ಮೇಲೆ ಬಿಚ್ಚಿ ಹರಡುವುದು. ಕಲ್ಮೇಶನಿಗೆ ನಿದ್ದೆ ಬರಲಿಲ್ಲ. ಮನೆಯ ಎರಡು ಪವರ್‌ಲೂಮ್ ಮಗ್ಗಗಳಲ್ಲಿ ಒಂದು ಅವಳು ಹೋದಾಗಿನಿಂದ ಬಂದ್ ಆಗಿತ್ತು. ಅದರ ಮೇಲೆ ಅರ್ಧ ನೇಯ್ದ ಸೀರೆ ಧೂಳು ತಿನ್ನುತ್ತ ಕೂತಿತ್ತು. ಒಲೆಯದೂ ಅದೇ ಗತಿ.

ಕಾರು ಕೊಂಡದ್ದು ಮುಧೋಳದಲ್ಲಿ, ಬಾಳಾಸಾಹೇಬ ಎಂಬ ದಲ್ಲಾಳಿಯ ಕೈಯಿಂದ. ಚಾಲೂ ಮಾಡಿದಾಗ ಎಂಜಿನ್ನು ಖಟಾಖಟ್ ಖಟಾಖಟ್ ಎಂದು ನಡುಗಿತ್ತು. ಬೇರೆ ಊರಿನವರಾಗಿದ್ದರೆ ಅಲ್ಲಿಂದಲೇ ಚಪ್ಪಲಿ ಮೆಟ್ಟುತ್ತಿದ್ದರು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಉಂಡು ಮಲಗಿದ ಕಲ್ಮೇಶನಿಗೆ ಆ ನಡುಕ ಜೋಗುಳದ ಹಾಗೆ ಕೇಳಿಸಿತು. "ಮನ್ಯಾಗ ಕುಂತಂಗ ಆಗಾಕತ್ತೈತ್ರಿ" ಎಂದಿದ್ದ. ಬಾಳಾಸಾಹೇಬ ಅವನ ಮುಖವನ್ನೊಮ್ಮೆ ನೋಡಿ, "ಎಂಜಿನ್ ಅಂದ್ರ ಬೆಣ್ಣಿ ಐತ್ರಿ, ಬೆಣ್ಣಿ" ಎಂದು ಕೈ ಕುಲುಕಿದ್ದ.

ಇವತ್ತೂ ಕಾರು ಚಾಲೂ ಆಗುತ್ತಲೇ ಹಿಂದಿನಿಂದ ಬೆಳ್ಳಗಿನ ಹೊಗೆ ಎದ್ದು ಓಣಿ ತುಂಬಿತು. ಎದುರುಮನೆಯ ಮುದುಕಿ ಇಂದ್ರವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

"ಏನೋ ಕಲ್ಮೇಶಾ, ಇದರಾಗ ಬದನಿಕಾಯಿ ಸುಡಾಕತ್ತೀ ಏನು?"

"ಬೀಳಗಿಗೆ ಹೊಂಟೀನಿ ದೊಡ್ಡವ್ವಾ. ನೀರ ನಿಲ್ಲವಲ್ದು."

"ಅಯ್ಯ, ಹೆಂಡ್ತೀನೂ ನಿಲ್ಲಲಿಲ್ಲ, ನೀರೂ ನಿಲ್ಲವಲ್ದು. ನಿನ್ನ ಕೈಗುಣಾನ ಹಂಗ ಐತಿ ನೋಡು."

ಅಷ್ಟರಲ್ಲಿ ಪಕ್ಕದ ಮನೆಯ ಹೊಳೆಪ್ಪ ಬಂದ. ನೂಲಿಗೆ ಗಂಜಿ ಹಾಕುವುದು ಅವನ ಕಸುಬು. ಲೋಕದಲ್ಲಿ ಗಂಜಿಯಿಂದ ಗಟ್ಟಿಯಾಗದ ವಸ್ತು ಇಲ್ಲವೆಂಬುದು ಅವನ ನಂಬಿಕೆ. ಕಾರಿನ ಹೊಟ್ಟೆಗೆ ಕಿವಿಯಿಟ್ಟು ಕೇಳಿ ಎದ್ದ.

"ಒಳಗ ಎಲ್ಲೋ ಸಣ್ಣಗ ಸೀಳೈತಿ. ಎಳಿ ಹರ್ಯೂದನ್ನ ನಾವು ಹೆಂಗ ತಡೀತೀವಿ? ಗಂಜಿ ಹಾಕಿ. ಇದಕ್ಕೂ ಅದ ಔಷಧಾ. ತಡಿ, ಒಲಿಮ್ಯಾಲ ಐತಿ, ತರ್ತೀನಿ."

"ಕಾರಿಗೆ ಗಂಜಿ ಯಾರರ ಹಾಕ್ತಾರೇನೋ ಹೊಳೆಪ್ಪಾ?"

"ಯಾರೂ ಹಾಕಿಲ್ಲ, ಅದಕ್ಕ ಎಲ್ಲಾರ ಕಾರೂ ಕೆಡ್ತಾವ!"

ಕಲ್ಮೇಶ ರೇಡಿಯೇಟರಿನ ಮುಚ್ಚಳ ತೆಗೆದ. ಅವನೂ ನೇಕಾರನೇ. ಗಂಜಿ ಹಾಕಿದ ನೂಲು ಹರಿಯುವುದಿಲ್ಲ ಎಂಬುದನ್ನು ತಾಯಿಯ ಹಾಲಿನ ಜೊತೆ ಕುಡಿದವನು. ಬಕೆಟ್ ಗಂಜಿ ರೇಡಿಯೇಟರಿಗೆ ಇಳಿಯಿತು. ಇಂದ್ರವ್ವ ಮುಂದಿನ ಗಾಲಿಗೆ ನಿಂಬೆಹಣ್ಣು ಇಟ್ಟಳು. ಕಾರು ಅದನ್ನು ತುಳಿದು ಹೊರಟಿತು.

ಹೊಳೆಪ್ಪನ ಔಷಧಿ ಜಮಖಂಡಿಯವರೆಗೆ ತಡೆಯಿತು. ಊರು ಕಾಣುತ್ತಿದ್ದಂತೆ ಬಿಸಿಯ ಮುಳ್ಳು ಕೆಂಪು ಗೆರೆ ದಾಟಿ, ಇನ್ನು ಹೋಗಲು ಜಾಗವಿಲ್ಲದೆ ನಿಂತಿತು. ಕಲ್ಮೇಶ ಕಾರನ್ನು ಯಲ್ಲಾಲಿಂಗನ ಗ್ಯಾರೇಜಿಗೆ ತಿರುಗಿಸಿದ. ಯಲ್ಲಾಲಿಂಗ ಮಾರ್ಚ್ ತಿಂಗಳ ಬಿಸಿಲಿಗೆ ಬೇವಿನ ನೆರಳಲ್ಲಿ ಅಡ್ಡಾಗಿದ್ದ. ಎದ್ದು ಬಂದು ಬಟ್ಟೆ ಹಿಡಿದು ರೇಡಿಯೇಟರ್ ಮುಚ್ಚಳ ತಿರುವಿದ. ಭುಸ್ಸೆಂದು ಎದ್ದ ಗಂಜಿ ಬಾನೆಟ್ಟಿನ ಮೇಲೆ, ಬೇವಿನ ಎಲೆಯ ಮೇಲೆ, ಕೊನೆಗೆ ಯಲ್ಲಾಲಿಂಗನ ಮೀಸೆಯ ಮೇಲೆ ಬಂದು ಕುಳಿತಿತು.

ಅವನು ಮೀಸೆ ಒರೆಸಿಕೊಂಡು ಬೆರಳು ಮೂಸಿ ನೋಡಿದ.

"ಏನ್ರಿ ಇದು?"

"ಗಂಜಿ."

"ಉಪ್ಪ ಮಜ್ಜಿಗಿ ಹಾಕಿ ತಂದಿದ್ರ ಇಬ್ರೂ ಕುಡೀಬಹುದಿತ್ತಲ್ರಿ."

ಆಮೇಲೆ ಆಯಿಲ್ ಹಾಕುವ ಕಡೆಯ ಮುಚ್ಚಳ ತೆಗೆದು, ಅದನ್ನು ಮಗುಚಿ ಕಲ್ಮೇಶನ ಮೂಗಿನ ಮುಂದೆ ಹಿಡಿದ. ಒಳಗೆ ಬೆಳ್ಳಗೆ, ಮೆತ್ತಗೆ, ಆಗ ತಾನೆ ಕಡೆದು ತೆಗೆದ ಹಾಗೆ ಏನೋ ಅಂಟಿತ್ತು. ಬಾಳಾಸಾಹೇಬ ಸುಳ್ಳು ಹೇಳಿರಲಿಲ್ಲ. ಬೆಣ್ಣೆಯೇ.

ಯಲ್ಲಾಲಿಂಗ ಅವನನ್ನು ಸ್ಟೂಲಿನ ಮೇಲೆ ಕೂರಿಸಿದ. ದನಿ ತಗ್ಗಿಸಿ ಕೇಳಿದ: "ಜೊತಿಗೆ ಮನ್ಯವರು ಯಾರರ ಬಂದಾರೇನ್ರಿ?"

"ಇಲ್ಲ, ಒಬ್ಬನ ಅದೇನಿ."

"ಹಂಗಾರ ನಿಮಗ ಹೇಳಬೇಕಾತು. ಹೆಡ್ ಗ್ಯಾಸ್ಕೆಟ್ ಹೋಗೈತ್ರಿ. ಎಂಜಿನ್ನಿಗೂ ಅದರ ತಲಿಗೂ ನಡುವ ಒಂದು ತೆಳ್ಳನ್ನ ಹಾಳಿ ಇರತೈತಿ. ನೀರನ್ನ ನೀರಿನ ಮನ್ಯಾಗ, ಆಯಿಲ್‌ನ ಆಯಿಲ್ ಮನ್ಯಾಗ ಇಡೂದು ಅದರ ಕೆಲಸಾ. ಅದು ಸುಟ್ಟೈತಿ. ಈಗ ಎಲ್ಲಾರೂ ಎಲ್ಲಾರ ಮನಿಗೂ ಹೊಕ್ಕೊಂಡ ಕುಂತಾರ, ಅದರಿಂದನ ಈ ಬೆಣ್ಣಿ. ಕಾಯಿಸಿ ಕಾಯಿಸಿ ಆ ಹೆಡ್ಡೂ ಸೊಟ್ಟ ಮಾಡಿರತೀರಿ. ಗಾಡಿ ಇಲ್ಲೇ ಬಿಟ್ಟು ಬಸ್ಸಿಗೆ ಹೋಗಿಬಿಡ್ರಿ."

"ಬಸ್ಸಿಗೆ ಹೋದ್ರ ಉಪಯೋಗಿಲ್ರಿ. ನಾ ಹೋಗದಿದ್ರೂ ನಡೀತೈತಿ, ಕಾರ ಹೋಗಬೇಕು."

ಹೆಂಡತಿಯ ಕತೆಯನ್ನೆಲ್ಲ ಕೇಳಿ ಯಲ್ಲಾಲಿಂಗ ಮತ್ತೆ ಬಾನೆಟ್ಟಿನ ಕಡೆ ನಡೆದ. ಗಂಜಿ ತೊಳೆದು ನೀರು ತುಂಬಿ, "ಮುಟ್ಟತೈತಿ ಅಂತ ನಾ ಹೇಳಂಗಿಲ್ಲ. ಹೀಟರ್ ಪೂರಾ ಹಚ್ಕೊಂಡ ಹೋಗ್ರಿ. ಎಂಜಿನ್ ಬಿಸಿ ಅರ್ಧಾ ನಿಮ್ಮ ಮೈಮ್ಯಾಲ ಬರತೈತಿ, ಅದಕ್ಕ ಒಂದಿಷ್ಟ ಹಗರ ಆಕೈತಿ" ಎಂದ.

ಹೀಗೆ ಕಲ್ಮೇಶ, ಹೊರಗೆ ಕಾಗೆಗಳೂ ಬಾಯಿ ತೆರೆದು ಕೂತಿದ್ದ ಆ ಮಧ್ಯಾಹ್ನ, ಹೀಟರ್ ಹಚ್ಚಿಕೊಂಡು ಬೀಳಗಿಯ ದಾರಿ ಹಿಡಿದ. ಹಬೆಗಿಟ್ಟ ಕಡಬಿನ ಹಾಗೆ ಬೆಂದ. ಗಳಿಗೆಗೊಮ್ಮೆ ನಿಲ್ಲಿಸಿ, ಕಾರಿಗೊಂದು ತಂಬಿಗೆ, ತಲೆಗೊಂದು ತಂಬಿಗೆ ಸುರಿದುಕೊಂಡ. ಸಮಾಧಾನದ ಸಂಗತಿ ಒಂದೇ: ಕಣ್ಣೀರು ಬಂದರೂ ಬೆವರೆಂದು ಅವನೇ ನಂಬಬಹುದಿತ್ತು. ಅರ್ಧ ದಾರಿ ಕಳೆದ ಮೇಲೆ ಎಂಜಿನ್ನಿನೊಳಗೆ ಯಾರೋ ತಟ್ಟೆ ಎಸೆದಂತೆ ಸಪ್ಪಳವಾಯಿತು. ಕಾರು ಒಂದು ದೊಡ್ಡ ಉಸಿರು ಬಿಟ್ಟು ಕಬ್ಬಿನ ಹೊಲದ ಪಕ್ಕದಲ್ಲಿ ನಿಂತಿತು. ಸುತ್ತ ಎಷ್ಟು ಸದ್ದಿಲ್ಲವೆಂದರೆ, ಕಲ್ಮೇಶನಿಗೆ ರಾಜಶ್ರೀ ಇಲ್ಲದ ತನ್ನ ಮನೆಯ ನೆನಪಾಯಿತು. ಬಾನೆಟ್ಟಿನ ಮೇಲೆ ಕೂರಲು ಹೋಗಿ ಸುಟ್ಟುಕೊಂಡು, ನೆಲದ ಮೇಲೆ ಕುಳಿತ.

ಅಷ್ಟರಲ್ಲಿ ಕಾರ್ಖಾನೆಗೆ ಕಬ್ಬು ಇಳಿಸಿ ಊರಿಗೆ ಮರಳುತ್ತಿದ್ದ ಟ್ರ್ಯಾಕ್ಟರೊಂದು ಬಂತು. ಹಿಂದೆ ಎರಡು ಖಾಲಿ ಟ್ರೇಲರು, ಮುಂದೆ ಕಪಾಟಿನಷ್ಟು ದೊಡ್ಡ ಸ್ಪೀಕರು. ಅದರೊಳಗಿನ ಹಾಡಿಗೆ ಹೊಲದ ಹಕ್ಕಿಗಳೆಲ್ಲ ಎದ್ದವು.

"ಯಾಕ್ರಿ ಯಣ್ಣಾ?" ಚಾಲಕ ಹಾಡಿನ ಮೇಲೆ ಕೂಗಿದ.

"ಬೀಳಗಿ ತನಕ ಎಳೀತೀ ಏನೋ ತಮ್ಮಾ? ಹೇಣ್ತೀನ ಕರ್ಯಾಕ ಹೊಂಟೀನಿ!"

"ಹತ್ರಿ! ಪುಣ್ಯೇದ ಕೆಲಸಾ!"

"ಹಾಡೊಂದಿಷ್ಟು ಸಣ್ಣ ಮಾಡೋ!"

"ಸಣ್ಣ ಮಾಡೂ ಗುಂಡಿ ಕೆಟ್ಟೈತ್ರಿ!"

ಭೀಮಪ್ಪನ ಓಣಿಗೆ ಆ ಮೆರವಣಿಗೆ ಹೊಕ್ಕಾಗ ಬೀಳಗಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. "ಯಾರ ಲಗ್ನಬೇ ಇದು?" ಎಂದಳೊಬ್ಬಳು. ಟ್ರ್ಯಾಕ್ಟರಿನವನು ಭೀಮಪ್ಪನ ಬಾಗಿಲ ಮುಂದೆ ಹಗ್ಗ ಬಿಚ್ಚಿ, ಪುಣ್ಯ ಕಟ್ಟಿಕೊಂಡು, ಹಾಡಿನ ಸಮೇತ ಹೋದ. ಕಾರಿನಿಂದ ನೀರೂ, ಕಲ್ಮೇಶನಿಂದ ಬೆವರೂ ತೊಟ್ಟಿಕ್ಕುತ್ತಿದ್ದವು.

ಕಟ್ಟೆಯ ಮೇಲಿದ್ದ ಭೀಮಪ್ಪ ಎದ್ದು ನಿಂತ. "ಬರ್ರಿ ಅಳ್ಯಾರ. ಯಾರು ಯಾರನ್ನ ಕರ್ಕೊಂಡ ಬಂದಾರ? ನೀವು ಕಾರನ್ನೋ, ಕಾರ ನಿಮ್ಮನ್ನೋ?"

ರಾಜಶ್ರೀ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಕಾರು ನೋಡಿದಳು. ಗಂಡನನ್ನು ನೋಡಿದಳು. ಅವನು ಎಷ್ಟು ಸೊರಗಿದ್ದನೆಂದರೆ ಬೈಯಲು ಎಲ್ಲಿಂದ ಸುರು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಬಂದೀನಿ" ಎಂದ ಕಲ್ಮೇಶ. "ಕಾರೂ ಬಂದೈತಿ."

"ಹಗ್ಗಾ ಕಟ್ಟಿ ಎಳ್ಕೊಂಡ ಬಂದ್ರ ಬಂದಂಗ ಆಕೈತೇನು?" ಎಂದಳು ಪಕ್ಕದ ಮನೆಯ ಹೆಂಗಸು.

"ಬಾಗಲಿಗೆ ಬಂದು ನಿಂತೈತಿಲ್ಲೋ?" ಎಂದಳು ಇನ್ನೊಬ್ಬಳು.

"ನಿಂತೈತಿ ಬಿಡವ್ವಾ" ಎಂದ ಭೀಮಪ್ಪ. "ಇನ್ನ ಅದು ಅಲ್ಲಾಡಂಗಿಲ್ಲ."

ರಾಜಶ್ರೀ ಕೈ ತೊಳೆದುಕೊಂಡಳು. "ನಿಂತೈತಿ ಅಂದಮ್ಯಾಲ ಆತು. ಚೀಲಾ ತರ್ತೀನಿ."

ಒಂದು ತಿಂಗಳಿನಿಂದ ಕಲ್ಮೇಶನ ಎದೆ ಅಷ್ಟು ಹಗುರಾಗಿರಲಿಲ್ಲ. ಅವಳು ಸೀರೆ ಬದಲಿಸಿ ಬರುವಷ್ಟರಲ್ಲಿ ಭೀಮಪ್ಪ ಊರಿನ ಗಾಡಿ ಮೇಸ್ತ್ರಿಯನ್ನು ಕರೆಸಿದ್ದ. ಅವನು ಬಾನೆಟ್ ಎತ್ತಿ, ತಲೆ ಅಲ್ಲಾಡಿಸಿ ಇಳಿಸಿದ. "ಇಲ್ಲೇ ಬಿಚ್ಚಬೇಕ್ರಿ. ಹೆಡ್ ಬಾಗಲಕೋಟಿಗೆ ಹೋಗಿ ಮಟ್ಟಸಾ ಆಗಿ ಬರಬೇಕು. ಯುಗಾದಿಯೊಳಗ ಆದ್ರ ನಿಮ್ಮ ದೈವಾ."

"ಮಾಡ್ಕೋತ ಇರು ಮಾರಾಯಾ" ಎಂದ ಕಲ್ಮೇಶ ಹೆಂಡತಿಯ ಚೀಲಕ್ಕೆ ಕೈಹಾಕುತ್ತ. "ನಾವಿಬ್ರೂ ಬಸ್ಸಿಗೆ ಹೊಂಟೀವಿ. ಆದಮ್ಯಾಲ ಫೋನ ಮಾಡು."

"ಆಗಂಗಿಲ್ರಿ. ಮಾಲಕರು ಎದುರಿಗಿಲ್ಲದ ನಾ ಎಂಜಿನ್ ಬಿಚ್ಚಂಗಿಲ್ಲ. ಆಮ್ಯಾಲ ಬಂದು ಒಳಗ ಅದಿತ್ತು ಇದಿತ್ತು ಅಂತ ಜಗಳಾ ತಗೀತಾರ. ಬಿಚ್ಚುಮುಂದ ಇರಬೇಕು, ಕೂಡಿಸುಮುಂದನೂ ಇರಬೇಕು."

"ಖರೇ ಐತಿ" ಎಂದ ಭೀಮಪ್ಪ. "ತಲಿ ಇಲ್ಲದ ಗಾಡಿ ನನ್ನ ಬಾಗಲಾಗ ಬಿಟ್ಟು ನೀವೆಲ್ಲಿ ಹೋಗ್ತೀರಿ ಅಳ್ಯಾರ?"

ಕಲ್ಮೇಶ ಹೆಂಡತಿಯ ಮುಖ ನೋಡಿದ. "ನೀನೂ ಇಲ್ಲೇ ಇರ್ತೀಯಲ್ಲಾ, ಹಂಗಾದ್ರ?"

"ನಾ ಯಾಕಿರ್ಲಿ? ಗಾಡಿ ಬಂದ ದಿನಾ ಹೋಗ್ತೀನಿ ಅಂತ ಇಡೀ ಬಸ್ಸಿನ ಮುಂದ ಹೇಳೀನಿ. ಅಲ್ಲಿ ಮಗ್ಗ ಬ್ಯಾರೆ ಬಂದ್ ಬಿದ್ದಾವು" ಎಂದಳು ರಾಜಶ್ರೀ. ಅವನ ಕೈಯಿಂದ ಚೀಲ ಬಿಡಿಸಿಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ, "ಮನಿ ಕೀಲಿ ಕೊಡ್ರಿ" ಎಂದಳು. ಕಲ್ಮೇಶ ಕೊಟ್ಟ. ಜಮಖಂಡಿಯ ಬಸ್ಸು ಹೊತ್ತಿಗೆ ಸರಿಯಾಗಿ ಬಂದು, ಹೊತ್ತಿಗೆ ಸರಿಯಾಗಿ ಹೋಯಿತು.

ರಾತ್ರಿ ಊಟದ ಹೊತ್ತಿಗೆ ಇಂದ್ರವ್ವನ ಫೋನು ಬಂತು. ಕಲ್ಮೇಶ ಮಾವನ ಹಳೆಯ ಪಂಚೆ ಉಟ್ಟು, ಎಮ್ಮೆಗೆ ಹೊಟ್ಟು ಕಲೆಸುತ್ತಿದ್ದ. ಫೋನಿನೊಳಗೆ ದೂರದಲ್ಲಿ ಖಟಾಖಟ್ ಖಟಾಖಟ್ ಎಂದು ಎರಡೂ ಮಗ್ಗಗಳ ಸಪ್ಪಳ ಕೇಳುತ್ತಿತ್ತು.

"ಕಲ್ಮೇಶಾ! ನಿನ್ನ ಹೇಣ್ತಿ ಬಂದ್ಳಲ್ಲೋ! ಮನ್ಯಾಗ ಬೆಳಕಾತು ನೋಡು. ನೀ ಎಲ್ಲಿ ಅದೀ? ಯಾವಾಗ ಬರ್ತೀ?"

ಅಂಗಳದಲ್ಲಿ ಬಾಯಿ ತೆರೆದು ನಿಂತ ಕಾರನ್ನೂ, ಕಟ್ಟೆಯ ಮೇಲೆ ಕೂತು ತನ್ನ ಕೆಲಸವನ್ನೇ ನೋಡುತ್ತಿದ್ದ ಮಾವನನ್ನೂ ಕಲ್ಮೇಶ ಒಮ್ಮೆ ನೋಡಿದ. ದನಿ ತಗ್ಗಿಸಿದ.

"ತವರಮನ್ಯಾಗ ಅದೇನಿ ದೊಡ್ಡವ್ವಾ. ಆಕೀಗೆ ಒಂದ ಮಾತ ಹೇಳು, ಕರ್ಯಾಕ ಯಾರರ ಬಂದ್ರ ಬರ್ತೀನಿ."