ಎಡೆಗೆ ಬಂದ ನಾಯಕ

ವನಜಾಕ್ಷಿ: ಬಾಗ್ಲು ತೆಗಿಬ್ಯಾಡ ಅತ್ಗೆ! ಈಗ ತಾನೇ ಮುಚ್ಚಿದೀಯ. ಅಣ್ಣ ಬಂದು ಕಾಲು ತೊಳ್ಕೊಂಡು ಕೂತ್ಕೊಳ್ಳೋದು ಬ್ಯಾಡ್ವಾ?

ರಾಜಲಕ್ಷ್ಮಮ್ಮ: ನಾನೆಲ್ಲೇ ತೆಗ್ದೆ?

ವನಜಾಕ್ಷಿ: ಚಿಲಕದ ಮ್ಯಾಲೆ ಕೈ ಇತ್ತು.

ರಾಜಲಕ್ಷ್ಮಮ್ಮ: ನನ್ ಮನೆ ಚಿಲಕ, ನನ್ ಕೈ.

ಪಿತೃಪಕ್ಷದ ಅಮಾವಾಸ್ಯೆ. ತಾವರೆಕೆರೆ ಕಡೆಯ ಆ ಊರಿನಲ್ಲಿ ಆವತ್ತು ಮನೆಮನೆಯಲ್ಲೂ ಹಿರಿಯರಿಗೆ ಎಡೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಎಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಿಕೊಳ್ಳಬೇಕು. ಒಳಗೆ ಅವರು ಬಂದು ಉಣ್ಣುತ್ತಾರೆ. ರಾಜಲಕ್ಷ್ಮಮ್ಮನ ಗಂಡ ಸಣ್ಣರಂಗಯ್ಯ ಹೋದ ಮೇಲೆ ಇದು ಮೊದಲ ಎಡೆ. ನಾದಿನಿ ವನಜಾಕ್ಷಿ ಕೊರಟಗೆರೆಯಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದಳು. ಇಳಿದಾಗಿನಿಂದ ಅಡುಗೆಮನೆಯಲ್ಲಿ ತಪ್ಪು ಹುಡುಕುತ್ತಿದ್ದಳು. ಈಗ ಜಗಲಿಗೆ ಬಂದು ಹುಡುಕುತ್ತಿದ್ದಳು.

ವನಜಾಕ್ಷಿ: ಕೋಳಿ ಸಾರಿಗೆ ಉಪ್ಪು ಹಾಕಿದೀಯಾ?

ರಾಜಲಕ್ಷ್ಮಮ್ಮ: ಹಾಕಿದೀನಿ.

ವನಜಾಕ್ಷಿ: ಎಷ್ಟು?

ರಾಜಲಕ್ಷ್ಮಮ್ಮ: ಎಡೆ ಅಡುಗೆ ರುಚಿ ನೋಡೋಂಗಿಲ್ವಲ್ಲ. ಕೈ ಅಂದಾಜು ಹಾಕ್ದೆ.

ವನಜಾಕ್ಷಿ: ನಿನ್ ಕೈ ಅಂದಾಜು ನಂಗೊತ್ತಿಲ್ವಾ? ಅಣ್ಣ ನಮ್ಮನೆಗೆ ಬಂದಾಗೆಲ್ಲ ಉಪ್ಪಿನಕಾಯಿ ಜಾಡಿ ಮುಂದಿಟ್ಕೊಂಡು ಕೂರೋನು. 'ವನಜಾ, ನಮ್ಮನೇಲಿ ಉಪ್ಪು ಕಂಡು ಎರಡು ವರ್ಷ ಆಯ್ತು ಕಣೆ' ಅನ್ನೋನು.

ರಾಜಲಕ್ಷ್ಮಮ್ಮ: ಡಾಕ್ಟ್ರು ಬ್ಯಾಡ ಅಂದಿದ್ರು. ಬೀಪಿ.

ವನಜಾಕ್ಷಿ: ಉಪ್ಪು ಬಿಡಿಸಿದ್ಯಲ್ಲ, ಉಳ್ಕೊಂಡ್ನಾ?

 ಆ ಮಾತನ್ನು ರಾಜಲಕ್ಷ್ಮಮ್ಮ ತನಗೆ ತಾನೇ ಎಷ್ಟೋ ಸಲ ಕೇಳಿಕೊಂಡಾಗಿತ್ತು. ಅದಕ್ಕೇ ಆವತ್ತು ಬೆಳಗ್ಗೆ ಉಪ್ಪಿನ ಡಬ್ಬಿಗೆ ಕೈ ಹಾಕಿ ತುಂಬಿದ ಹಿಡಿಯನ್ನೇ ಎತ್ತಿದ್ದಳು. ಹೋದವರಿಗೆ ಬೀಪಿ ಇಲ್ಲ. ಒಂದೇ ಒಂದು ಊಟವನ್ನು ಅವನು ಗೊಣಗದೆ ಉಂಡು ಎದ್ದರೆ ಸಾಕಿತ್ತು ಅವಳಿಗೆ.

ಹೀಗೇ ಕಾಲು ಗಂಟೆ ಕಳೆಯುವಷ್ಟರಲ್ಲಿ ಒಳಗಿನಿಂದ ಲೋಟ ಇಟ್ಟ ಸದ್ದು ಬಂತು. ಅದರ ಹಿಂದೆಯೇ ಒಂದು ತೇಗು. ಸಣ್ಣ ತೇಗಲ್ಲ.

ವನಜಾಕ್ಷಿ: ಅಣ್ಣ!

ರಾಜಲಕ್ಷ್ಮಮ್ಮ: ಬೆಕ್ಕು.

ವನಜಾಕ್ಷಿ: ಬೆಕ್ಕು ಅಗೋ, ನಿನ್ ಕಾಲತ್ರನೇ ಮಲಗೈತೆ! ಅಣ್ಣ ಬಂದವ್ನೆ ಅತ್ಗೆ! ಹೊಟ್ಟೆ ತುಂಬಾ ಉಂಡವ್ನೆ!

ರಾಜಲಕ್ಷ್ಮಮ್ಮ: ನನ್ ಅಡುಗೆ ಉಂಡು ನಿಮ್ಮಣ್ಣ ಯಾವತ್ತೇ ಇಂಗೆ ತೇಗಿದ್ದ?

ಅವಳು ಬಾಗಿಲು ದೂಡಿದಳು. ನಡುಮನೆಯಲ್ಲಿ ಒಬ್ಬ ಗಂಡಸು ನಿಂತಿದ್ದ. ಕತ್ತಿನಲ್ಲಿ ಕ್ಯಾಮರಾ, ಹೆಗಲ ಮೇಲೆ ಸಣ್ಣರಂಗಯ್ಯನ ಎಡೆಗೆ ಇಟ್ಟಿದ್ದ ಹೊಸ ವಲ್ಲಿ ಬಟ್ಟೆ. ಅದರ ತುದಿಯಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. ಎಲೆಯಲ್ಲಿ ಶಾಸ್ತ್ರಕ್ಕೆಂದು ಬಡಿಸಿದ್ದ ಹಾಗಲಕಾಯಿ ಪಲ್ಯ ಬಿಟ್ಟು ಬೇರೇನೂ ಉಳಿದಿರಲಿಲ್ಲ.

ರಾಜಲಕ್ಷ್ಮಮ್ಮನಿಗೆ ಗುರುತು ಸಿಕ್ಕಿತು. ತುಮಕೂರಿನ ಪ್ರಸನ್ನ ಕುಮಾರ್. ಪಾಳೇಗಾರನೊಬ್ಬನ ಮೇಲೆ ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ, ಅದಕ್ಕಾಗಿ ಊರೂರು ಸುತ್ತುತ್ತಿದ್ದೇನೆ, ನಿಮ್ಮ ಹಿತ್ತಲಿನ ಹಳೇ ಬುರುಜು ನೋಡಬೇಕು ಎಂದು ನಿನ್ನೆ ಬಂದಿದ್ದ. ನಾಳೆ ಹಬ್ಬ ಐತೆ, ನಾಳಿದ್ದು ಬಾ ಎಂದು ಕಳಿಸಿದ್ದಳು.

ಪ್ರಸನ್ನ ಕುಮಾರ್: ಅನ್ನಪೂರ್ಣೆ ಕಣಮ್ಮ ನೀವು! ಈ ನಾಡಿನ ಆತಿಥ್ಯ ಇನ್ನೂ ಸತ್ತಿಲ್ಲ.

ರಾಜಲಕ್ಷ್ಮಮ್ಮ: ಸತ್ತಿರೋದು ನನ್ ಗಂಡ ಕಣಯ್ಯ! ಅದು ಅವ್ನ ಎಡೆ!

ವನಜಾಕ್ಷಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಪ್ರಸನ್ನ ಕುಮಾರ್ ವಲ್ಲಿಯ ತುದಿಯನ್ನು ಮೆಲ್ಲಗೆ ಬಾಯಿಂದ ತೆಗೆದ.

ರಾಜಲಕ್ಷ್ಮಮ್ಮ: ಫೋಟೋ ಕಾಣ್ಲಿಲ್ವಾ? ಹಾರ, ಊದುಬತ್ತಿ, ಏನೂ ಕಾಣ್ಲಿಲ್ವಾ?

ಪ್ರಸನ್ನ ಕುಮಾರ್: ಬಿಸಿಲಿಂದ ಒಳಗೆ ಬಂದೆ, ಕಣ್ಣು ಕತ್ತಲೆ ಕಟ್ಟಿತ್ತು. ಆಮೇಲೆ ಕಾಣಿಸ್ತು. ಅರ್ಧ ಊಟ ಆದ ಮೇಲೆ.

ರಾಜಲಕ್ಷ್ಮಮ್ಮ: ಕಂಡ ಮ್ಯಾಲೆ ಎದ್ದೇಳೋದಲ್ವಾ?

ಪ್ರಸನ್ನ ಕುಮಾರ್: ಎಂಜಲಾಗಿಹೋಗಿತ್ತಮ್ಮ. ಅರ್ಧಕ್ಕೇ ಬಿಟ್ಟು ಏಳೋದು ಹಿರಿಯರಿಗೆ ಅಗೌರವ ಅನ್ನಿಸ್ತು.

ರಾಜಲಕ್ಷ್ಮಮ್ಮ: ಅನ್ನಿಸಿ ಕಜ್ಜಾಯಾನೂ ತಿಂದೆ.

ಪ್ರಸನ್ನ ಕುಮಾರ್: ಎರಡು ಮಾತ್ರ.

ರಾಜಲಕ್ಷ್ಮಮ್ಮ: ಇಟ್ಟಿದ್ದೇ ಎರಡು! ಎಲ್ಲಿಂದ ನುಗ್ಗಿದೆ ನೀನು?

ಪ್ರಸನ್ನ ಕುಮಾರ್: ಹಿತ್ತಲ ಬಾಗಿಲಿಂದ. ಬುರುಜು ಮಾತ್ರ ನೋಡ್ಕೊಂಡು ಹೋಗೋಣ ಅಂತ ಬಂದಿದ್ದೆ. ನನ್ನ ನಾಯಕ ಕೊರಟಗೆರೆ ಕೋಟೆಯಿಂದ ತಲೆತಪ್ಪಿಸ್ಕೊಂಡು, ಊಟ ನೀರಿಲ್ಲದೆ ಈ ದಾರೀಲೇ ಓಡಿ ಬರ್ತಾನೆ. ಆ ಹಸಿವು ಗೊತ್ತಿಲ್ಲದೆ ನಾನು ಹೆಂಗಮ್ಮ ಬರೀಲಿ? ಅದಕ್ಕೇ ನಿನ್ನೆಯಿಂದ ನಾನೂ ಉಪವಾಸ.

ರಾಜಲಕ್ಷ್ಮಮ್ಮ: ಅವ್ನೂ ನಿನ್ನಂಗೆ ಪ್ರೈವೇಟ್ ಬಸ್ಸಲ್ಲೇ ತಪ್ಪಿಸ್ಕೊಂಡು ಬಂದ್ನಾ?

ಪ್ರಸನ್ನ ಕುಮಾರ್: ತಾವರೆಕೆರೆಯಿಂದ ಈಚೆಗೆ ನಡ್ಕೊಂಡೇ ಬಂದೆ.

ರಾಜಲಕ್ಷ್ಮಮ್ಮ: ದೊಡ್ಡ ದಂಡಯಾತ್ರೆ.

ಪ್ರಸನ್ನ ಕುಮಾರ್: ಏಳನೇ ಅಧ್ಯಾಯದಲ್ಲಿ ನಾಯಕ ಹಸ್ಕೊಂಡು ಒಬ್ಬ ರೈತನ ಮನೆಗೆ ಬರ್ತಾನೆ. ರೈತನ ಹೆಂಡ್ತಿ ದೀಪ ಹಚ್ಚಿ, ಊಟ ಬಡಿಸಿಟ್ಟು, ನಾಚ್ಕೊಂಡು ಹೊರಗೆ ಹೋಗ್ತಾಳೆ. ಇಲ್ಲಿ ಬಂದು ನೋಡ್ತೀನಿ, ಅದೇ ದೀಪ! ಅದೇ ಎಲೆ! ಮನೇಲಿ ಯಾರೂ ಇಲ್ಲ! ನಾನು ಬರೆದದ್ದೇ ನನ್ನ ಮುಂದೆ ಇತ್ತಮ್ಮ!

ರಾಜಲಕ್ಷ್ಮಮ್ಮ: ಯಾರೋ ಗೊತ್ತಿಲ್ದೋನಿಗೆ ಕೋಳಿ ಕುಯ್ದಾಕಿ, ನಾಚ್ಕೊಂಡು ಹೊರೀಕೋಗೋ ಹೆಂಗ್ಸನ್ನ ಎಲ್ಲಯ್ಯ ನೋಡಿದೀಯ?

ಪ್ರಸನ್ನ ಕುಮಾರ್: ನೋಡಿಲ್ಲ. ಅದು ಕಲ್ಪನೆ.

ರಾಜಲಕ್ಷ್ಮಮ್ಮ: ಹಂಗಾರೆ ಕಲ್ಪನೇನೇ ಉಂಡು ಹೋಗ್ಬೇಕಿತ್ತು. ನನ್ ಕೋಳಿ ಯಾಕುಂಡೆ?

ಹೊಸ್ತಿಲ ಮೇಲೆ ಕೂತಿದ್ದ ವನಜಾಕ್ಷಿ ಅಷ್ಟು ಹೊತ್ತೂ ಅವನನ್ನೇ ಮೇಲಿಂದ ಕೆಳಕ್ಕೆ ನೋಡುತ್ತಿದ್ದಳು. ಈಗ ಅವಳ ಕಣ್ಣು ಅಗಲವಾಯಿತು.

ವನಜಾಕ್ಷಿ: ಅತ್ಗೆ. ವಲ್ಲಿ ನೋಡು. ಎಡಗಡೆ ಹೆಗಲ ಮ್ಯಾಲೆ. ಅಣ್ಣ ಅಂಗೇ ಹಾಕ್ಕೊಳ್ಳೋನು.

ರಾಜಲಕ್ಷ್ಮಮ್ಮ: ಊರಲ್ಲಿ ಅರ್ಧ ಗಂಡಸ್ರು ಅಂಗೇ ಹಾಕ್ಕೊಳ್ಳೋದು.

ವನಜಾಕ್ಷಿ: ಹಾಗಲಕಾಯಿ ಬಿಟ್ಟವ್ನೆ. ಅಣ್ಣನೂ ಬಿಡೋನು.

ರಾಜಲಕ್ಷ್ಮಮ್ಮ: ನಮ್ ಬೆಕ್ಕೂ ಬಿಡ್ತದೆ.

ವನಜಾಕ್ಷಿ: ನಿನ್ನೆಯಿಂದ ಉಪವಾಸ ಇದ್ದು, ನಾವು ಬಾಗ್ಲು ಮುಚ್ಚಿದ ಹೊತ್ಗೇ ಒಳೀಕೆ ಬಂದು, ಸೀದಾ ಎಲೆ ಮುಂದೆ ಕೂತವ್ನೆ ಅಂದ್ರೆ, ಯಾರು ಕರ್ಕೊಂಡು ಬಂದ್ರು? ಅಣ್ಣನೇ ಇವ್ರ ಮೈಮ್ಯಾಲೆ ಬಂದು ಉಂಡವ್ನೆ ಅತ್ಗೆ!

ಹೇಳುತ್ತಲೇ ಅವಳು ದಬಕ್ಕನೆ ಪ್ರಸನ್ನ ಕುಮಾರನ ಕಾಲಿಗೆ ಬಿದ್ದಳು. ಅವನು ಹೌಹಾರಿ ಗೋಡೆಗೆ ಒರಗಿದ.

ವನಜಾಕ್ಷಿ: ಅಣ್ಣಾ, ಆಸ್ಪತ್ರೆಗೆ ತಡವಾಗಿ ಬಂದೆ ಅಂತ ನನ್ ಮ್ಯಾಲೆ ಸಿಟ್ಟಿಲ್ಲ ತಾನೇ? ಬಸ್ಸು ಸಿಗ್ಲಿಲ್ಲ ಕಣಣ್ಣ!

ಪ್ರಸನ್ನ ಕುಮಾರ್ ಒಮ್ಮೆ ರಾಜಲಕ್ಷ್ಮಮ್ಮನ ಕೈ ನೋಡಿದ, ಒಮ್ಮೆ ಮೂಲೆಯಲ್ಲಿದ್ದ ಪೊರಕೆ ನೋಡಿದ. ಬೆನ್ನು ನೆಟ್ಟಗೆ ಮಾಡಿಕೊಂಡು, ಗಂಟಲು ಸರಿಮಾಡಿಕೊಂಡ.

ಪ್ರಸನ್ನ ಕುಮಾರ್: ಇಲ್ಲ ತಾಯಿ. ಎಂಥಾ ಸಿಟ್ಟೂ ಇಲ್ಲ.

ರಾಜಲಕ್ಷ್ಮಮ್ಮ: ತಾಯಿ ಅಂತೆ! ನಿಮ್ಮಣ್ಣ ನಿನ್ನ ಯಾವತ್ತಾದ್ರೂ ತಾಯಿ ಅಂದಿದ್ನೇನೇ? 'ಲೇ ಮೂದೇವಿ' ಅಂತಲೇ ಕರೀತಿದ್ದಿದ್ದು.

ವನಜಾಕ್ಷಿ: (ಅಳುತ್ತ) ಹೋದ ಮ್ಯಾಲೆ ಒಳ್ಳೇನಾಗಿರ್ಬೋದು!

ರಾಜಲಕ್ಷ್ಮಮ್ಮನಿಗೆ ನಗು ಬರಬೇಕಿತ್ತು. ಬರಲಿಲ್ಲ. ಒಂದು ಕ್ಷಣ ಅವಳೂ ಆ ವಲ್ಲಿಯನ್ನು ನೋಡಿದಳು. ನಾದಿನಿಗೆ ಬುದ್ಧಿ ಕಮ್ಮಿ, ಸರಿ. ಆದರೂ ಕೇಳಿ ನೋಡಿದರೆ ಗಂಟೇನು ಹೋಗುತ್ತದೆ? 

ರಾಜಲಕ್ಷ್ಮಮ್ಮ: ಏಯ್. ಸಾರು ಎಂಗಿತ್ತು?

ಪ್ರಸನ್ನ ಕುಮಾರ್: ಅಮೃತ ಅಮ್ಮ!

ರಾಜಲಕ್ಷ್ಮಮ್ಮ: ಉಪ್ಪು?

ಪ್ರಸನ್ನ ಕುಮಾರ್: ಹದವಾಗಿತ್ತು. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಮ್ಮಿ ಇಲ್ಲ.

ರಾಜಲಕ್ಷ್ಮಮ್ಮ ಉಸಿರು ಬಿಟ್ಟಳು.

ರಾಜಲಕ್ಷ್ಮಮ್ಮ: ಕೇಳಿಸ್ಕೊಂಡ್ಯೇನೇ ವನಜಾ? ಏಳು ಮ್ಯಾಲೆ. ಇವ್ನು ನಿಮ್ಮಣ್ಣನಲ್ಲ.

ವನಜಾಕ್ಷಿ ಕಣ್ಣೊರೆಸಿಕೊಂಡು ಯೋಚಿಸಿದಳು. ಅತ್ತಿಗೆಯ ಸಾರಿಗೆ ಉಪ್ಪು ಹದವಾಗಿದೆ ಅನ್ನುವವನು ಅಣ್ಣನಾಗಲಾರ. ಮಂಡಿಯ ಧೂಳು ಕೊಡವಿಕೊಂಡು ಎದ್ದಳು.

ವನಜಾಕ್ಷಿ: ತೆಗಿಯಯ್ಯ ಮೊದ್ಲು ಆ ವಲ್ಲಿ!

ರಾಜಲಕ್ಷ್ಮಮ್ಮ ಹೊಸ ಎಲೆ ಹಾಕಿದಳು. ತಪ್ಪಲೆಯಲ್ಲಿದ್ದ ಸಾರು, ಮುದ್ದೆ, ಉಳಿದ ಕಜ್ಜಾಯ ಎಲ್ಲ ಮತ್ತೆ ಬಡಿಸಿದಳು. ವಲ್ಲಿಯನ್ನು ಕೊಡವಿ ಮಡಿಸಿ ಇಟ್ಟಳು. ದೀಪಕ್ಕೆ ಎಣ್ಣೆ ಹಾಕಿದಳು. ಈ ಸಲ ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಮುಂಬಾಗಿಲು ಎಳೆದುಕೊಂಡು ಬಂದಳು. ಹೋಗಲು ಹೊರಟ ಪ್ರಸನ್ನ ಕುಮಾರನನ್ನು ಜಗಲಿಯ ಮೇಲೆ ಕೂರಿಸಿದಳು. ಅವನು ಕಣ್ಣೆದುರಿಗೆ ಇದ್ದರೇ ಒಳಗಿನ ಊಟಕ್ಕೆ ಕ್ಷೇಮ.

ರಾಜಲಕ್ಷ್ಮಮ್ಮ: ಇನ್ನೂ ಎಲ್ಲೆಲ್ಲಿ ನುಗ್ಗಿದೀಯ? ಮಧುಗಿರಿ ಬೆಟ್ಟ ಹತ್ತಿದ್ಯಾ?

ಪ್ರಸನ್ನ ಕುಮಾರ್: ಮಂಡಿ ನೋವಮ್ಮ. ಕೆಳಗಿನ ಬಾಗಿಲ ಹತ್ರ ನಿಂತು ಮೇಲಿನದನ್ನ ಊಹಿಸ್ಕೊಂಡೆ.

ವನಜಾಕ್ಷಿ: ಪಾವಗಡ?

ಪ್ರಸನ್ನ ಕುಮಾರ್: ಬಲಸಮುದ್ರದ ಬಯಲಲ್ಲಿ ನಾಯಕನ ಕುದುರೆ ಓಡಿಸ್ಬೇಕು ಅಂತಿದ್ದೆ. ಹೋಗಿ ನೋಡಿದ್ರೆ ಕಣ್ಣು ಹಾಯಿಸಿದಷ್ಟೂ ಸೋಲಾರು.

ರಾಜಲಕ್ಷ್ಮಮ್ಮ: ಅದ್ರ ನೆಳ್ಳಲ್ಲೇ ಕಟ್ಟಾಕು ಕುದುರೇನ. ಮೇದ್ಕೊಂಡಿರ್ಲಿ.

ಪ್ರಸನ್ನ ಕುಮಾರ್: ಅಲ್ಲೊಬ್ರು ಅಜ್ಜ ಸಿಕ್ಕಿದ್ರು. ಕೋಟೆ ಕತೆ ಎಲ್ಲ ಹೇಳಿದ್ರು. ಪೂರ್ತಿ ತೆಲುಗಲ್ಲಿ.

ವನಜಾಕ್ಷಿ: ನಿಂಗೆ ತೆಲುಗು ಬರ್ತದಾ?

ಪ್ರಸನ್ನ ಕುಮಾರ್: ಇಲ್ಲ. ಎಂಟನೇ ಅಧ್ಯಾಯಕ್ಕೆ ಹಾಕಿದೀನಿ.

ರಾಜಲಕ್ಷ್ಮಮ್ಮ ಅವನನ್ನು ಸೊಪ್ಪಿನಲ್ಲಿ ಸಿಕ್ಕ ಹುಳುವನ್ನು ನೋಡುವಂತೆ ನೋಡಿದಳು.

ರಾಜಲಕ್ಷ್ಮಮ್ಮ: ನಿನ್ ನಾಯಕ ಕೊನೇಗೆ ಏನಾಗ್ತಾನೆ?

ಪ್ರಸನ್ನ ಕುಮಾರ್: ಯುದ್ಧದಲ್ಲಿ ಸಾಯ್ತಾನೆ.

ರಾಜಲಕ್ಷ್ಮಮ್ಮ: ಅವ್ನ ಹೆಂಡ್ತಿ?

ಪ್ರಸನ್ನ ಕುಮಾರ್: (ಹುರುಪಿನಿಂದ) ಅದೇ ಕೊನೇ ದೃಶ್ಯ ಅಮ್ಮ! ಸುದ್ದಿ ಕೇಳಿದ ತಕ್ಷಣ ಕೋಟೆ ಮೇಲಿಂದ ಹಾರಿಬಿಡ್ತಾಳೆ. ಓದಿದೋರೆಲ್ಲ ಅಳಬೇಕು!

ರಾಜಲಕ್ಷ್ಮಮ್ಮ: ಬರ್ಯೋನಿಗೆ ಸಲೀಸು ನೋಡು. ಹಾರಿಸ್ಬುಟ್ರೆ ಮುಗೀತು. ಮಾರನೇ ದಿನ ಅವ್ಳು ಎದ್ದು ಯಾರಿಗೆ ಅಂತ ಒಲೆ ಹಚ್ತಾಳೆ, ಅದನ್ನ ಬರೆಯೋ ಕೆಲ್ಸ ಇಲ್ಲ.

  ಪಕ್ಕದ ಮನೆಯ ಮುಂದೆಯೂ ಜನ ಬಾಗಿಲು ಮುಚ್ಚಿಕೊಂಡು ಕಾಯುತ್ತ ನಿಂತಿದ್ದರು. ಸಾಂಬ್ರಾಣಿ ಹೊಗೆ ಬೀದಿ ತುಂಬಿತ್ತು. ಪ್ರಸನ್ನ ಕುಮಾರ್ ಕ್ಯಾಮರಾದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ.

ಪ್ರಸನ್ನ ಕುಮಾರ್: ಅಮ್ಮ, ಆಗ ಒಂದು ಸುಳ್ಳು ಹೇಳ್ಬಿಟ್ಟೆ.

ರಾಜಲಕ್ಷ್ಮಮ್ಮ: ಒಂದೇಯಾ?

ಪ್ರಸನ್ನ ಕುಮಾರ್: ಉಂಡ ಮನೇಲಿ ಹೇಳಬಾರ್ದು ಅಂತ ಸುಮ್ಮನಾದೆ. ಸಾರಿಗೆ ಉಪ್ಪು ಕಮ್ಮಿ ಇತ್ತು.

ವನಜಾಕ್ಷಿ: ಅಯ್ಯೋ ಅಣ್ಣಾ!

ರಾಜಲಕ್ಷ್ಮಮ್ಮ: ಎಷ್ಟು ಕಮ್ಮಿ?

ಪ್ರಸನ್ನ ಕುಮಾರ್: ಸಪ್ಪೆ ಅಂತಲೇ ಅನ್ನಬೋದು.

ರಾಜಲಕ್ಷ್ಮಮ್ಮ ತನ್ನ ಬಲಗೈ ನೋಡಿಕೊಂಡಳು. ಬೆಳಗ್ಗೆ ಹಿಡಿ ತುಂಬ ಎತ್ತಿದ್ದು ನಿಜ. ಆದರೆ ಸಾರಿನ ಮೇಲೆ ಹಿಡಿದಾಗ ಆ ಕೈ ಬೆರಳು ಬಿಗಿ ಮಾಡಿ, ಎರಡು ವರ್ಷದಿಂದ ಹಾಕುತ್ತಿದ್ದಷ್ಟನ್ನೇ ಹಾಕಿ, ಮಿಕ್ಕಿದ್ದನ್ನು ಡಬ್ಬಿಗೆ ವಾಪಸು ಸುರಿದಿತ್ತು. ಅದು ಅವಳಿಗೆ ಈಗ ನೆನಪಾಯಿತು.

ಅವಳು ಎದ್ದು ಚಿಲಕಕ್ಕೆ ಕೈ ಹಾಕಿದಳು.

ವನಜಾಕ್ಷಿ: ತೆಗಿಬಾರ್ದು ಅತ್ಗೆ! ಅಣ್ಣ ಊಟಕ್ಕೆ ಕೂತಿರ್ತಾನೆ!

ರಾಜಲಕ್ಷ್ಮಮ್ಮ: ಕೂತಿರ್ತಾನೆ. ತುತ್ತು ಮುಟ್ಟಿರಲ್ಲ.

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು.  ಪ್ರಸನ್ನ ಕುಮಾರನ ಕೈ ಜೇಬಿನಲ್ಲಿದ್ದ ಪೆನ್ನಿನ ಕಡೆ ಹೋಯಿತು. ವನಜಾಕ್ಷಿ ಅದರ ಮೇಲೆ ಪಟ್ಟನೆ ಒಂದು ಕೊಟ್ಟಳು.

ರಾಜಲಕ್ಷ್ಮಮ್ಮ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಸೆರಗಿನಿಂದ ಕೈ ಒರೆಸಿಕೊಂಡಳು, ಅದೇ ಸೆರಗಿನಿಂದ ಮುಖವನ್ನೂ ಒರೆಸಿಕೊಂಡಳು.

ವನಜಾಕ್ಷಿ: (ಪಿಸುಮಾತಿನಲ್ಲಿ) ಏನಂದ ಅತ್ಗೆ?

ರಾಜಲಕ್ಷ್ಮಮ್ಮ: ನಿಮ್ಮಣ್ಣ ಏನಂದಾನು? 'ಈಗ ತಂದ್ಯಾ' ಅಂದ.