ಕೆಡದ ಜೀಪಿನ ರಿಪೇರಿ

ಶಂಭುಲಿಂಗಪ್ಪನವರ ಜೀಪು ಕೆಟ್ಟಿರಲಿಲ್ಲ. ಆದರೆ ಅದು ಕೆಟ್ಟಿದೆಯೆಂದು ಗೋವಿಂದರಾಜನಗರದ ಆ ರಸ್ತೆಯಿಡೀ ನಂಬಿತ್ತು, ಅವರ ಹೆಂಡತಿ ನೀಲಗಂಗಮ್ಮನವರೂ ನಂಬಿದ್ದರು. ಅಪ್ಪನ ಕಾಲದ ಫೋರ್ ವೀಲ್ ಡ್ರೈವ್ ಜೀಪು ಅದು. ಓಡುತ್ತಿದ್ದಾಗ ಒಂದು ದಿನವೂ ಅವರದಾಗಿರಲಿಲ್ಲ. ಯಾರದೋ ಮದುವೆಯ ಪಾತ್ರೆ, ಯಾರ ಮನೆಯದೋ ಬಾಣಂತಿ, ಎದುರು ಮನೆ ಇಂದ್ರಮ್ಮನ ಗ್ಯಾಸ್ ಸಿಲಿಂಡರ್, ಎಲ್ಲಕ್ಕೂ ಹೇಗೂ ಜೀಪಿದೆಯಲ್ಲ ಎನ್ನುವವರೇ. ಬೇಸತ್ತ ಶಂಭುಲಿಂಗಪ್ಪ ಯುಗಾದಿ ಕಳೆದ ಮೇಲೆ ಒಂದು ದಿನ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನೊಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡರು. ಹೆಬ್ಬೆರಳಿನಷ್ಟೇ ಇರುವ ತುಂಡು. ಅದಿಲ್ಲದಿದ್ದರೆ ಪ್ಲಗ್ಗಿಗೆ ಕಿಡಿ ಹೋಗುವುದಿಲ್ಲ, ಎಂಜಿನ್ ಏಳುವುದಿಲ್ಲ.

ಅಂದಿನಿಂದ ಅವರಿಗೆ ನೆಮ್ಮದಿ. ಭಾನುವಾರ ಬೆಳಿಗ್ಗೆ ರಿಪೇರಿಯ ಹೆಸರಿನಲ್ಲಿ ಬಾನೆಟ್ ಎತ್ತಿಟ್ಟು, ಡ್ರೈವರ್ ಸೀಟಿನಲ್ಲಿ ಒಬ್ಬರೇ ಕೂತು ಊಟದ ಹೊತ್ತಿನವರೆಗೆ ಪೇಪರ್ ಓದುತ್ತಿದ್ದರು. ಪಾಪ, ಯಾರೂ ಮಾತಾಡಿಸದ ಒಂದು ಜಾಗ ಯಾವ ಮನುಷ್ಯನಿಗಾದರೂ ಬೇಕಲ್ಲವೇ?

ಈ ಭಾನುವಾರ ನೀಲಗಂಗಮ್ಮ ಕಾಫಿ ಕೊಡುತ್ತಲೇ ಬಾಂಬು ಹಾಕಿದರು. ಜೀಪು ನೋಡಲು ಕೆಂಗೇರಿಯಿಂದ ಸುಬ್ರಮಣಿ ಎನ್ನುವವನು ಬರುತ್ತಿದ್ದಾನೆ, ಒಪ್ಪಿಗೆಯಾದರೆ ಇವತ್ತೇ ಎಳೆಸಿಕೊಂಡು ಹೋಗುತ್ತಾನೆ. ಶಂಭುಲಿಂಗಪ್ಪ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಜೇಬು ಮುಟ್ಟಿ ನೋಡಿಕೊಂಡು ಸಮಾಧಾನ ತಂದುಕೊಂಡರು. ಸ್ಟಾರ್ಟಾಗದ ಜೀಪನ್ನು ಯಾವ ಹುಚ್ಚ ಕೊಳ್ಳುತ್ತಾನೆ?

ಆದರೆ ಸುದ್ದಿ ರಸ್ತೆಗೆ ಬಿದ್ದಿತ್ತು. ರಿಟೈರಾದ ಬಸ್ ಡ್ರೈವರ್ ಮುನಿಯಣ್ಣ ಲುಂಗಿ ಎತ್ತಿಕಟ್ಟಿ ಬಂದರು. ಪೆಟ್ರೋಲ್ ಪೈಪಿನಲ್ಲಿ ಕಸ ಕೂತಿದೆಯೆಂದು ತೀರ್ಪು ಕೊಟ್ಟು, ಪೈಪು ಬಿಚ್ಚಿ ಶಂಖದಂತೆ ಊದಿ, ಅರ್ಧ ಬಾಯಿ ಪೆಟ್ರೋಲ್ ಉಗುಳಿದರು. ಮಹಡಿಯ ಮೇಲೆ ಬಾಡಿಗೆಗಿದ್ದ ಸುಘೋಷ್ ಫೋನಿನಲ್ಲಿ ವಿಡಿಯೋ ನೋಡುತ್ತಲೇ ಇಳಿದು ಬಂದು ಬ್ಯಾಟರಿಯದೇ ದೋಷ ಎಂದ, ತನ್ನ ಕಾರಿನ ಬ್ಯಾಟರಿಯನ್ನೇ ಹೊತ್ತು ತಂದು ಕೂರಿಸಿದ. ಇಂದ್ರಮ್ಮ ದೃಷ್ಟಿಯಾಗಿದೆಯೆಂದು ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟಾಗ ಎಲ್ಲರೂ ಕೆಮ್ಮಿದರು. ಕಡೆಗೆ ಉಳಿದದ್ದು ತಳ್ಳುವುದು. ರಸ್ತೆಯವರೆಲ್ಲ ಸೇರಿ ಮೂಲೆಯ ಹಾಲಿನ ಬೂತಿನವರೆಗೆ ತಳ್ಳಿದರು, ಅಲ್ಲಿಂದ ಮತ್ತೆ ಮನೆಯವರೆಗೆ ತಳ್ಳಿದರು. ಸ್ಟೀರಿಂಗ್ ಹಿಡಿದ ಶಂಭುಲಿಂಗಪ್ಪ ಮೆರವಣಿಗೆಯ ಮದುಮಗನಂತೆ ಕೂತಿದ್ದರು. ತಳ್ಳುವವರ ಬೆವರು ನೋಡಿ ಅವರಿಗೆ ನಾಚಿಕೆಯೂ ಆಯಿತು. ಮುನಿಯಣ್ಣ ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ ಕೈ ಹಾಕಿದಾಗ ಮಾತ್ರ ಶಂಭುಲಿಂಗಪ್ಪ ಸೀಟಿನಿಂದ ಧುಮುಕಿ ಬಂದರು. ಶಾಕ್ ಹೊಡೆಯುತ್ತದೆಂದು ಹೆದರಿಸಿ ಹಿಂದೆ ಸರಿಸಿದರು.

ಅಷ್ಟರಲ್ಲಿ ಸುಬ್ರಮಣಿ ಬಂದ. ಶಂಭುಲಿಂಗಪ್ಪ ಮುಖ ಸಪ್ಪಗೆ ಮಾಡಿಕೊಂಡು ಹೇಳಿದರು: "ಸ್ಟಾರ್ಟೇ ಆಗಲ್ಲ ಕಣಪ್ಪ. ಎಂಜಿನ್ ಪೂರ್ತಿ ಹೋಗಿದೆ. ತಗೊಂಡು ಯಾಕೆ ಕಷ್ಟಪಡ್ತೀರ?"

ಸುಬ್ರಮಣಿಯ ಮುಖ ಅರಳಿತು. "ನನಗೂ ಅಂಥದ್ದೇ ಬೇಕಿತ್ತು ಸಾರ್. ಹೊಸ ಹೋಟ್ಲು ಮಾಡ್ತಾ ಇದೀನಿ, ಅದರ ಮುಂದೆ ನಿಲ್ಲಿಸ್ತೀನಿ. ಎಂಜಿನ್ ಕಿತ್ತಾಕಿ ಅಲ್ಲಿ ಹೂವಿನ ಗಿಡ ಇಟ್ರೆ, ಜನ ಸೀಟಲ್ಲಿ ಕೂತು ಫೋಟೋ ಹೊಡ್ಕೋತಾರೆ."

ತಮ್ಮ ಸೀಟಿನಲ್ಲಿ ಊರವರೆಲ್ಲ ಹಲ್ಲು ಕಿರಿಯುವುದನ್ನು ನೆನೆದು ಶಂಭುಲಿಂಗಪ್ಪನವರ ಹೊಟ್ಟೆ ಉರಿಯಿತು. ಕೊನೆಯದಾಗಿ ಒಂದು ಸ್ಕ್ರೂ ಬಿಗಿ ಮಾಡುತ್ತೇನೆಂದು ಬಾನೆಟ್ ಒಳಗೆ ಬಗ್ಗಿ, ಬೆನ್ನು ಅಡ್ಡ ಮಾಡಿ ರೋಟರ್ ಕೂರಿಸಿದರು. ಕೀ ತಿರುಗಿಸಿದರು. ಜೀಪು ನಾಲ್ಕು ಸಲ ಕೆಮ್ಮಿ, ಹೊಗೆ ಬಿಟ್ಟು, ಗುಡುಗಿತು.

ರಸ್ತೆ ಚಪ್ಪಾಳೆ ತಟ್ಟಿತು. ಜೀವವಿರುವ ಎಂಜಿನ್ ಕೀಳಲು ಮನಸ್ಸು ಬರುವುದಿಲ್ಲವೆಂದು ಕೈಮುಗಿದು ಸುಬ್ರಮಣಿ ಹೊರಟುಹೋದ. ಕೆಲಸ ಮಾಡಿದ್ದು ತಾನು ಊದಿದ್ದು ಎಂದು ಮುನಿಯಣ್ಣ, ಬ್ಯಾಟರಿ ಎಂದು ಸುಘೋಷ್, ಮೆಣಸಿನಕಾಯಿ ಎಂದು ಇಂದ್ರಮ್ಮ ಜಗಳಕ್ಕೆ ನಿಂತರು. ಶಂಭುಲಿಂಗಪ್ಪ ಮೂವರಿಗೂ ಧಾರಾಳವಾಗಿ ಥ್ಯಾಂಕ್ಸ್ ಹೇಳಿದರು. ಸಂಜೆ ಯಾರೂ ಇಲ್ಲದಾಗ ರೋಟರ್ ಮತ್ತೆ ಕಿತ್ತರಾಯಿತು ಎಂದುಕೊಂಡರು.

ಆಗ ನೀಲಗಂಗಮ್ಮ ಹತ್ತಿರ ಬಂದರು. ಅವರ ಕಣ್ಣು ಒದ್ದೆಯಾಗಿತ್ತು.

"ಏನ್ರೀ, ಇಷ್ಟು ದಿನ ಒಂದು ಭಾನುವಾರನೂ ಬಿಡದೆ ಈ ಬಿಸಿಲಲ್ಲಿ ಒಬ್ರೇ ಒದ್ದಾಡಿದ್ರಿ. ಇದನ್ನ ಮಾರೋಕೆ ಹೊರಟಿದ್ದು ನನ್ನ ತಪ್ಪು. ಮುನಿಯಣ್ಣನ ಹತ್ರ ಮಾತಾಡಿದೀನಿ. ಇನ್ಮೇಲೆ ಪ್ರತಿ ಭಾನುವಾರ ಅವರೇ ಬಂದು ಎಂಜಿನ್ ನೋಡ್ಕೋತಾರಂತೆ. ನೀವು ಆರಾಮಾಗಿ ಒಳಗೆ ನಮ್ಮ ಜೊತೆ ಮಾತಾಡ್ಕೊಂಡು ಕೂತಿರಿ."

ರಸ್ತೆಯವರೆಲ್ಲ ಜೀಪು ಹತ್ತಿ ಕೂತಿದ್ದರು, ಮೊದಲ ರೌಂಡಿಗೆ ಮುನಿಯಣ್ಣ ಆಗಲೇ ಸ್ಟೀರಿಂಗ್ ಹಿಡಿದಾಗಿತ್ತು. ಶಂಭುಲಿಂಗಪ್ಪ ಹಿಂದಿನಿಂದ ಹತ್ತಿ, ಇಂದ್ರಮ್ಮನಿಗೂ ಸ್ಟೆಪ್ನಿಗೂ ನಡುವೆ ಉಳಿದಿದ್ದ ಗೇಣು ಜಾಗದಲ್ಲಿ ಕೂತರು.